ಜಟ್ಟಿಂಗಪ್ಪನ ದೋಣಿ

ದೋಣಿ ಮೊದಲು ಸಿಕ್ಕಿತು. ಜಟ್ಟಿಂಗಪ್ಪ ಆಮೇಲೆ ಸಿಕ್ಕಿದ.

ದೋಣಿ ಕವುಚಿ ಬಿದ್ದು, ತೇಲುತ್ತಾ ಹೋಗಿ, ಆಚೆ ದಡದ ಪೊದೆಗೆ ತಾಗಿ ನಿಂತಿತ್ತು. ಜಟ್ಟಿಂಗಪ್ಪ ನೀರಿನಡಿಯ ಒಣಮರದ ಬೊಡ್ಡೆಯೊಂದಕ್ಕೆ ತನ್ನದೇ ಬಲೆಯಲ್ಲಿ ಸಿಕ್ಕಿಕೊಂಡಿದ್ದ. ಹೆಣ ಬಿಡಿಸಲು ಬಲೆ ಕತ್ತರಿಸಬೇಕಾಯಿತು. ದುಗ್ಗಮ್ಮ ದಡದಲ್ಲಿ ನಿಂತು ನೋಡಿದಳು. ಗಂಡನ ಬೆರಳುಗಳನ್ನು ಮೀನು ತಿಂದಿದ್ದವು. ಬದುಕಿಡೀ ಇವ ಮೀನು ತಿಂದ, ಕಡೆಗೆ ಮೀನು ಇವನನ್ನ ತಿಂದ್ವು ಎಂದು ಹೆಣ ಹೊತ್ತವರಲ್ಲಿ ಒಬ್ಬ ಅಂದ. ಯಾರೂ ಅವನನ್ನು ಬೈಯಲಿಲ್ಲ. ಬೈಯುವಷ್ಟು ತ್ರಾಣ ಯಾರಲ್ಲೂ ಉಳಿದಿರಲಿಲ್ಲ.

ಆಷಾಢದ ಗಾಳಿಯಲ್ಲಿ ಶರಾವತಿ ಹಿನ್ನೀರಿನ ಬಯಲಿಗೆ ಯಾರೂ ಬಲೆ ಹಾಕಲು ಹೋಗುವುದಿಲ್ಲ. ಜಟ್ಟಿಂಗಪ್ಪನೂ ಹೋದವನಲ್ಲ. ಮಳೆಗಾಲ ಪೂರ್ತಿ ಅವನ ಬಲೆ ಬೀಳುತ್ತಿದ್ದುದು ಗುಡ್ಡದ ಹಿಂದಿನ ಒಳನೀರಿನಲ್ಲಿ. ಎರಡು ಕಡೆ ಗುಡ್ಡದ ತೋಳು, ನಡುವೆ ಅಲುಗಾಡದ ನೀರು. ಆದರೆ ಆ ವರ್ಷ ಒಳನೀರಿನ ಬಾಯಿಗೆ ಹಗ್ಗ ಬಿದ್ದಿತ್ತು. ಹಗ್ಗದ ಉದ್ದಕ್ಕೂ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಗುಂಡುಗಳು. ಒಳಗೆ ರೆಸಾರ್ಟಿನ ಅತಿಥಿಗಳು ಹುಟ್ಟು ಹಾಕಿ ಆಡುವ ಬಣ್ಣದ ದೋಣಿಗಳು. ಮಳೆಗಾಲದಲ್ಲಿ ಅತಿಥಿಗಳೇ ಇರಲಿಲ್ಲ. ಆದರೂ ಹಗ್ಗ ಇತ್ತು. ಹಗ್ಗದ ಹತ್ತಿರ ಕಾವಲಿನವನಿದ್ದ. ಆ ಬೆಳಗ್ಗೆ ಅವನು ಜಟ್ಟಿಂಗಪ್ಪನನ್ನು ವಾಪಸು ಕಳಿಸಿದ. ಮನೆಯಲ್ಲಿ ಅಕ್ಕಿ ಮುಗಿದಿತ್ತು. ಜಟ್ಟಿಂಗಪ್ಪ ದೋಣಿ ತಿರುಗಿಸಿ ಬಯಲು ನೀರಿಗೆ ಹೋದ.

ಅಷ್ಟೇ ನಡೆದದ್ದು. ಗುಡ್ಡದ ಮೇಲಿನ ನಾಲ್ಕು ಮನೆಗೂ ಇದು ಗೊತ್ತು.

ಆ ಗುಡ್ಡ ಮೊದಲು ನೀರಿನ ನಡುವೆ ಇರಲಿಲ್ಲ. ಅದರ ಹೆಸರು ಹೊನ್ನೆಗುಡ್ಡ. ಕೆಳಗೆ ಊರಿತ್ತು, ಗದ್ದೆಯಿತ್ತು. ಜಟ್ಟಿಂಗಪ್ಪನ ಅಪ್ಪ ಒಡೆಯರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ಅಣೆಕಟ್ಟಿನ ನೀರು ಏರಿ ಬಂದಾಗ ಪರಿಹಾರ ಒಡೆಯರಿಗೆ ಹೋಯಿತು. ಗದ್ದೆ ಉತ್ತವನಿಗೆ ಯಾವ ಕಾಗದವೂ ಇರಲಿಲ್ಲ. ಒಡೆಯರು ಸಾಗರ ಪೇಟೆಗೆ ಹೋಗಿ ಮನೆ ಕಟ್ಟಿಸಿದರು. ಗೇಣಿಯವರು ನೀರು ಏರಿದಷ್ಟೂ ಮೇಲೆ ಮೇಲೆ ಹತ್ತಿದರು. ಹತ್ತುತ್ತಾ ಹತ್ತುತ್ತಾ ಗುಡ್ಡದ ನೆತ್ತಿಗೆ ಬಂದರು. ಆಮೇಲೆ ಹತ್ತಲು ಏನೂ ಉಳಿಯಲಿಲ್ಲ. ಜಟ್ಟಿಂಗಪ್ಪ ಆಗ ತಾಯಿಯ ಸೊಂಟದ ಮೇಲಿನ ಕೂಸು. ಸುತ್ತ ನೋಡಿದರೆ ನೀರು. ನೇಗಿಲು ಹಿಡಿದ ಕೈ ಬಲೆ ಹಿಡಿಯುವುದನ್ನು ಕಲಿಯಿತು. ಕಲಿಯದಿದ್ದರೆ ಸಾಯಬೇಕಿತ್ತು.

ಅವರ ಗದ್ದೆಯ ಮೇಲೆ ನಿಂತ ನೀರಿನಿಂದ ಕರೆಂಟು ಹುಟ್ಟಿ ಊರೂರಿಗೆ ಹೋಯಿತು. ಹೊನ್ನೆಗುಡ್ಡಕ್ಕೆ ಬರಲಿಲ್ಲ. ಬಂದದ್ದು ರೆಸಾರ್ಟಿನ ಜೊತೆಗೆ. ತಂತಿ ರೆಸಾರ್ಟಿನ ಬೇಲಿಯವರೆಗೆ ಬಂದು ಅಲ್ಲಿಗೇ ನಿಂತಿತು. ಜಾಗ ಲೀಸಿಗೆ ಆಗಿದೆ ಅಂದರು. ಯಾರು ಕೊಟ್ಟರು ಎಂದು ಕೇಳಿದರೆ ಮೇಲಿನವರು ಅಂದರು. ನಿಮ್ಮನ್ನ ಒಕ್ಕಲೆಬ್ಬಿಸಲ್ಲ, ನಿಮಗೆ ಇಲ್ಲೇ ಕೆಲಸ ಅಂದರು. ಗುಡ್ಡಕ್ಕೆ ಹೊಸ ಹೆಸರು ಬಂತು: ಫಿಶಿಂಗ್ ಐಲ್ಯಾಂಡ್. ದಡದಲ್ಲಿ ದೊಡ್ಡ ಬೋರ್ಡು, ಅದರ ಮೇಲೆ ಬಲೆ ಬೀಸುವ ಗಂಡಸಿನ ಚಿತ್ರ. ಬೋರ್ಡಿನ ಕೆಳಗೆ ಇನ್ನೊಂದು ಚಿಕ್ಕ ಬೋರ್ಡು: ಇಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಿದೆ.

ಅತಿಥಿಗಳು ತಿನ್ನುವ ಮೀನು ಐಸ್ ಪೆಟ್ಟಿಗೆಯಲ್ಲಿ ಸಾಗರದ ಪೇಟೆಯಿಂದ ಬರುತ್ತಿತ್ತು. ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕೂತು ಅದರ ಹೊಟ್ಟೆ ಸೀಳುವುದು ದುಗ್ಗಮ್ಮನ ಕೆಲಸ. ಗಂಡ ಸತ್ತ ಮೇಲೆ ಸಿಕ್ಕಿದ ಕೆಲಸ. ಬೆಳಗ್ಗಿನಿಂದ ಐಸ್ ಮುಟ್ಟಿ ಮುಟ್ಟಿ ಬೆರಳ ತುದಿ ಸತ್ತುಹೋಗುತ್ತಿತ್ತು. ಮುಳ್ಳು ಚುಚ್ಚಿದರೆ ತಿಳಿಯುತ್ತಿರಲಿಲ್ಲ, ರಕ್ತ ಕಂಡಾಗ ತಿಳಿಯುತ್ತಿತ್ತು. ಪಕ್ಕದ ಮನೆಯ ಮಾಸ್ತಮ್ಮ ಅಲ್ಲೇ ಕೆಳಗೆ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ದುಗ್ಗಮ್ಮನಿಗಿಂತ ಹಿರಿಯಳು. ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ.

"ನಮ್ ನೀರಗೆ ಮೀನಿಲ್ವನೆ ದುಗ್ಗಿ? ಸಮುದ್ರದ ಮೀನು ತಂದು ಇಲ್ ಕೊಯ್ತಾರಲ್ಲೆ!" ಎಂದು ಅವಳು ಗಟ್ಟಿಯಾಗಿ ಕೇಳುತ್ತಿದ್ದಳು, ಮ್ಯಾನೇಜರಿಗೆ ಕೇಳಲಿ ಎಂದೇ.

ಮ್ಯಾನೇಜರ್ ಯೋಗರಾಜ್ ತೀರ್ಥಹಳ್ಳಿ ಕಡೆಯವನು, ಮೇಳಿಗೆಯ ಹತ್ತಿರದ ಜಮೀನುದಾರರ ಮನೆಯವನು. ಕೆಟ್ಟ ಮಾತು ಆಡುವವನಲ್ಲ. ಎಲ್ಲರನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದ. ಬಹುವಚನದಲ್ಲೇ ಒಳನೀರಿಗೆ ಹಗ್ಗ ಕಟ್ಟಿಸಿದ್ದ.

ದುಗ್ಗಮ್ಮನ ಮಗ ಪೂರ್ಣೇಶ್ ಅವನ ಕೈಕೆಳಗೆ ಮೋಟಾರು ಬೋಟು ನಡೆಸುತ್ತಿದ್ದ. ನೀಲಿ ಅಂಗಿ, ಎದೆಯ ಮೇಲೆ ಹೆಸರಿನ ಪಟ್ಟಿ, ಕೈಯಲ್ಲಿ ಮೈಕು. ಅತಿಥಿಗಳನ್ನು ಗುಡ್ಡದ ಸುತ್ತ ತಿರುಗಿಸುತ್ತಾ ಗುಡ್ಡದ ಇತಿಹಾಸ ಹೇಳುವುದು ಅವನ ಕೆಲಸ. ಹೇಳಬೇಕಾದ್ದನ್ನು ಕಂಪನಿಯವರು ಬಾಯಿಪಾಠ ಮಾಡಿಸಿದ್ದರು. ಹಿಂದೆ ಯಾರೋ ರಾಣಿ ಇಲ್ಲಿಗೆ ವಿಹಾರಕ್ಕೆ ಬರುತ್ತಿದ್ದಳಂತೆ. ಅವಳಿಗೆ ಮೀನು ಹಿಡಿದು ಕೊಡಲು ಒಂದು ಕುಲವನ್ನು ತಂದು ದ್ವೀಪದಲ್ಲಿ ಇಟ್ಟಳಂತೆ. ಆ ಕುಲದವರು ಇಂದಿಗೂ ಅತಿಥಿ ಸೇವೆ ಮಾಡಿಕೊಂಡು ಸುಖವಾಗಿದ್ದಾರಂತೆ.

"ಯಾವ ರಾಣಿನೋ ಅದು?" ಎಂದು ದುಗ್ಗಮ್ಮ ಒಮ್ಮೆ ಕೇಳಿದ್ದಳು.

"ನಂಗೆಂತ ಗೊತ್ತು ಅವ್ವ. ಹೇಳು ಅಂತಾರೆ, ಹೇಳ್ತೀನಿ."

ಅವಳು ಮತ್ತೆ ಕೇಳಲಿಲ್ಲ. ಸೊಸೆ ಶಿಲ್ಪಶ್ರೀ ಬಸುರಿ. ಹೆರಿಗೆಗೆ ಸಾಗರದ ಆಸ್ಪತ್ರೆಗೆ ಹೋಗಬೇಕೆಂದರೆ ಆ ಮೋಟಾರು ಬೋಟೇ ಗತಿ. ಮಗ ಬಾಯಿ ಮುಚ್ಚಿಕೊಂಡಿದ್ದ. ಮಗನಿಗಾಗಿ ತಾಯಿ ಬಾಯಿ ಮುಚ್ಚಿಕೊಂಡಿದ್ದಳು.

ಜಟ್ಟಿಂಗಪ್ಪನ ದೋಣಿಯನ್ನು ಆಚೆ ದಡದಿಂದ ತಂದು ಮನೆಯ ಹಿಂದೆ ಕವುಚಿ ಹಾಕಿದ್ದರು. ಒಂದೇ ಮರದ ದೋಣಿ. ಮುಳುಗಿದ ಊರಿನ ಹೆಬ್ಬಲಸಿನ ಮರವೊಂದು ಬೇಸಿಗೆಯಲ್ಲಿ ನೀರು ಇಳಿದಾಗ ತಲೆ ತೋರಿಸುತ್ತಿತ್ತು. ಜಟ್ಟಿಂಗಪ್ಪ ಮದುವೆಯಾದ ವರ್ಷ ಅದನ್ನು ಕಡಿದು ಎಳೆತಂದು, ಕೊಡಲಿಯಿಂದ, ಬಾಚಿಯಿಂದ, ಕಡೆಗೆ ಬೆಂಕಿಯಿಂದ ಅದರ ಹೊಟ್ಟೆ ತೋಡಿದ್ದ. ಅವನು ತೋಡಿದ, ದುಗ್ಗಮ್ಮ ಬೂದಿ ಬಳಿದು ತೆಗೆದಳು. ಅವರ ಮೊದಲ ಸಂಸಾರ ಅದು. ಮನೆಯ ಗೋಡೆ ಎದ್ದದ್ದು ಆಮೇಲೆ.

ದೀಪಾವಳಿ ಕಳೆದ ಮೇಲೆ ದುಗ್ಗಮ್ಮ ಹೊಸನಗರದ ಹತ್ತಿರ ತಮ್ಮನ ಮನೆಗೆ ಹೋಗಿ ಕೆಲವು ದಿನ ಇದ್ದು ಬಂದಳು. ಬಂದು ನೋಡಿದರೆ ಹಿತ್ತಲಲ್ಲಿ ದೋಣಿ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಹುಲ್ಲು ಬಿಳಿಚಿಕೊಂಡಿತ್ತು. ಮಗನನ್ನು ಕೇಳಿದಳು. ಅವನು ಅನ್ನದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಯೋಗರಾಜ್ ಸಾರ್ ಕೇಳಿದ್ರು. ಕೊಟ್ಟೆ. ಹಿತ್ಲಲ್ಲಿ ಗೆದ್ಲು ಹಿಡೀತಿತ್ತಲ್ಲ ಅವ್ವ. ಅಲ್ಲಿ ಚೆಂದಾಗಿ ಇಟ್ಕತಾರೆ."

ಚೆಂದವಾಗಿಯೇ ಇಟ್ಟಿದ್ದರು. ರೆಸಾರ್ಟಿನ ಹುಲ್ಲುಹಾಸಿನ ನಡುವೆ, ಎರಡು ಕಲ್ಲಿನ ದಿಂಬಿನ ಮೇಲೆ. ಹೊರಮೈಗೆ ನೀಲಿ ಬಣ್ಣ. ಹೊಟ್ಟೆಯ ತುಂಬ ಕೆಂಪು ಮಣ್ಣು, ಮಣ್ಣಿನ ತುಂಬ ಹೂವಿನ ಗಿಡ. ಒಂದು ತುದಿಯಲ್ಲಿ ಮಾತ್ರ ಕೂರುವಷ್ಟು ಜಾಗ ಬಿಟ್ಟಿದ್ದರು, ಅತಿಥಿಗಳು ಫೋಟೋ ತೆಗೆಸಿಕೊಳ್ಳಲಿ ಎಂದು. ದುಗ್ಗಮ್ಮ ಹತ್ತಿರ ಹೋಗಿ ಅಂಚನ್ನು ಮುಟ್ಟಿದಳು. ಬಣ್ಣ ಇನ್ನೂ ಹಸಿಯಿತ್ತು. ಅಂಗೈಗೆ ಮೆತ್ತಿಕೊಂಡಿತು. ಆ ಕೈಯಲ್ಲೇ ಹೋಗಿ ಮೀನಿನ ಹೊಟ್ಟೆ ಸೀಳಲು ಕೂತಳು.

ಪುಷ್ಯದ ಚಳಿಗೆ ಅತಿಥಿಗಳು ಹೆಚ್ಚಾದರು. ಒಂದು ಬೆಳಗ್ಗೆ ಯೋಗರಾಜ್ ಅಡುಗೆಮನೆಯ ಹಿಂದಕ್ಕೆ ಬಂದ.

"ದುಗ್ಗಮ್ಮಾ, ಇವತ್ತು ಮೀನು ಬೇರೆಯವ್ರು ನೋಡ್ಕತಾರೆ. ನೀವು ಸ್ವಲ್ಪ ಆ ದೋಣೀಲಿ ಕೂತ್ಕಬೇಕು. ಒಂದು ಸೀರೆ ಕೊಡ್ತೀವಿ, ಎತ್ತಿ ಕಟ್ಕಳಿ. ಬುಟ್ಟಿ ಇಟ್ಕಳಿ. ಜನ ಬಂದು ಫೋಟೋ ತೆಗೀತಾರೆ, ಅಷ್ಟೇ. ಸುಲಭದ ಕೆಲಸ."

"ನಂಗೆ ಬ್ಯಾಡ ಗೌಡ್ರೆ. ನಾ ಮೀನೇ ಕೊಯ್ತೀನಿ."

"ಪೂರ್ಣೇಶ್ ಆಗಲೇ ಹೂಂ ಅಂದಿದಾರಲ್ಲ?" ಅವನು ನಗುತ್ತಲೇ ಅಂದ. "ಹೆರಿಗೆಗೆ ಬೋಟು ಬೇಕು ಅಂತ ಕೇಳ್ತಿದ್ರು. ನಾವೂ ನಿಮಗೆ ಆಗ್ತೀವಿ, ನೀವೂ ನಮಗೆ ಆಗ್ಬೇಕು."

ದುಗ್ಗಮ್ಮ ಕೈ ತೊಳೆದುಕೊಂಡು ಎದ್ದಳು.

ಕೆಂಪು ಹಸಿರು ಚೌಕುಳಿಯ ಸೀರೆ. ಮೊಣಕಾಲಿನ ಮೇಲಕ್ಕೆ ಕಟ್ಟಿಸಿದರು. ಗಂಡ ಸತ್ತವಳ ಮುಡಿಗೆ ಪ್ಲಾಸ್ಟಿಕ್ ಹೂ ಸಿಕ್ಕಿಸಿದರು. ಬುಟ್ಟಿಯಲ್ಲಿ ಐಸಿನ ಮೀನು ಇಟ್ಟರು. ಬಿಸಿಲು ಏರಿದಂತೆ ಐಸ್ ಕರಗಿ ತೊಡೆಯ ಮೇಲೆ ಇಳಿಯಿತು. ಜನ ಬಂದರು. ಪಕ್ಕದಲ್ಲಿ ಕೂತರು. ಹೆಗಲ ಮೇಲೆ ಕೈ ಹಾಕಿದರು. ಯಾರೋ ಮೂಗು ಮುಚ್ಚಿಕೊಂಡು ಫೋಟೋ ತೆಗೆಸಿಕೊಂಡರು. ಯಾರೋ ನಗಿ ಅಂದರು. ಅವಳು ಹಲ್ಲು ತೋರಿಸಿದಳು. ತನ್ನ ಬೆನ್ನ ಹಿಂದಿನ ಆ ಹಲಗೆಯಂಥ ಮರದ ಮೇಲೆ ಬಾಚಿಯ ಗುರುತುಗಳಿವೆ, ಅವನ ಕೈಯ ಗುರುತು ಎಂದು ಅವಳಿಗೆ ನೆನಪಾಗುತ್ತಲೇ ಇತ್ತು. ಬೆನ್ನು ತಾಗಿಸದೆ ನೆಟ್ಟಗೆ ಕೂತಳು. ಸಂಜೆ ಏಳುವಾಗ ಸೊಂಟ ಹಿಡಿದುಕೊಂಡಿತ್ತು.

ಹೀಗೆ ದಿನವೂ ನಡೆಯಿತು. ಊಟ ಇಳಿಯದಾಯಿತು. ಮಗನ ಮುಖ ನೋಡುವುದನ್ನು ಬಿಟ್ಟಳು. ಶಿಲ್ಪಶ್ರೀ ಒಮ್ಮೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಾ, "ನನ್ ಸಲುವಾಗಿ ಬ್ಯಾಡ ಅತ್ತೆ. ಬೋಟು ಇಲ್ದಿದ್ರೆ ತೆಪ್ಪ ಇದೆ," ಅಂದಳು. ದುಗ್ಗಮ್ಮ ಸೊಸೆಯ ತಲೆ ಸವರಿದಳು.

ಒಂದು ದಿನ ದೊಡ್ಡ ಗುಂಪು ಬಂತು. ಪೂರ್ಣೇಶನೇ ಅವರನ್ನು ಬೋಟಿನಿಂದ ಇಳಿಸಿ, ಹುಲ್ಲುಹಾಸಿಗೆ ಕರೆತಂದು, ದೋಣಿಯ ಮುಂದೆ ನಿಲ್ಲಿಸಿದ. ಯೋಗರಾಜ್ ಪಕ್ಕದಲ್ಲೇ ಇದ್ದ. ಪೂರ್ಣೇಶ್ ತಾಯಿಯ ಕಡೆ ನೋಡದೆ ಮೈಕು ಬಾಯಿಗೆ ಹಿಡಿದ. ಅವತ್ತು ಬಾಯಿಪಾಠ ಹೊಸದಿತ್ತು.

"ಇದು ಈ ದ್ವೀಪದ ಕಡೇ ಮೀನುಗಾರನ ದೋಣಿ. ಬಿರುಗಾಳಿ ಅಂದ್ರೆ ಅವನಿಗೆ ಪ್ರಾಣ. ಎಲ್ಲರೂ ಬೇಡ ಅಂದ್ರೂ ಕೇಳದೆ, ಗಾಳಿಗೆ ಸವಾಲು ಹಾಕಿ ನೀರಿಗಿಳಿದ. ವಾಪಸು ಬರ್ಲಿಲ್ಲ. ಇವತ್ತಿಗೂ ಅವನ ಹೆಂಡತಿ ಇದೇ ದೋಣೀಲಿ ಕೂತು ಅವನಿಗೆ ಕಾಯ್ತಾಳೆ."

ಗುಂಪಿನಲ್ಲಿ ಅಯ್ಯೋ ಎಂಬ ಸದ್ದು ಎದ್ದಿತು. ಒಬ್ಬಳು ಕಣ್ಣೊರೆಸಿಕೊಂಡಳು. ಫೋನುಗಳು ಎದ್ದವು. ಒಬ್ಬ ಮುಂದೆ ಬಂದು, "ಅಮ್ಮಾ, ಸ್ವಲ್ಪ ನೀರಿನ ಕಡೆ ನೋಡಿ, ಕಾಯ್ತಿರೋ ಥರ," ಅಂದ.

ದುಗ್ಗಮ್ಮ ನೀರಿನ ಕಡೆ ನೋಡಲಿಲ್ಲ. ಮಗನ ಕಡೆ ನೋಡಿದಳು. ಎಷ್ಟೋ ದಿನಗಳ ಮೇಲೆ ನೋಡಿದಳು.

"ಪೂರ್ಣೇಶ, ನಿಮ್ಮಪ್ಪ ಒಳನೀರಿಗೆ ಯಾಕೆ ಹೋಗ್ಲಿಲ್ಲ ಅಂತ ಹೇಳಾ."

ಅವನು ಯೋಗರಾಜನ ಕಡೆ ನೋಡಿದ. ಮೈಕು ಕೈಯಲ್ಲಿ ಹಾಗೇ ಇತ್ತು.

"ಹೇಳು. ಅದ್ನೂ ಹೇಳು ಇವ್ರಿಗೆ."

"ದುಗ್ಗಮ್ಮಾ, ಗೆಸ್ಟ್ ಮುಂದೆ ಬೇಡ," ಎಂದು ಯೋಗರಾಜ್ ಮೆಲ್ಲಗೆ ಅಂದ.

ಅವಳು ಮೀನಿನ ಬುಟ್ಟಿಯನ್ನು ಎತ್ತಿ ಹುಲ್ಲಿನ ಮೇಲೆ ಬಡಿದಳು. ಮುಡಿಯಿಂದ ಹೂ ಕಿತ್ತೆಸೆದಳು. ದೋಣಿಯ ಮಣ್ಣಿಗೆ ಎರಡೂ ಕೈ ಹಾಕಿ ಬಾಚಿ ಬಾಚಿ ಹೊರಗೆ ಎಸೆಯತೊಡಗಿದಳು. ಗಿಡಗಳು ಬೇರು ಸಮೇತ ಹಾರಿದವು. ಮಣ್ಣು ಅತಿಥಿಗಳ ಚಪ್ಪಲಿಯ ಮೇಲೆ ಬಿತ್ತು. ಅವರು ಹಿಂದೆ ಸರಿದರು. ಉಗುರಿನ ಸಂದಿ ಹರಿಯಿತು. ಉಸಿರು ಸಿಳ್ಳೆ ಹೊಡೆಯಿತು. ಅವಳು ನಿಲ್ಲಿಸಲಿಲ್ಲ. ದೋಣಿಯ ತಳ ಕಂಡಾಗ ಕೈಬೆರಳು ಒಂದು ಕಡೆ ಸೀದಾ ಒಳಗೆ ಹೋಯಿತು. ಅಲ್ಲಿ ಮರ ಇರಲಿಲ್ಲ. ತೂತು. ಆಚೆಗೆ ಇನ್ನೊಂದು. ಇನ್ನೊಂದು. ಮಷೀನಿನಲ್ಲಿ ಕೊರೆದ ದುಂಡನೆಯ ತೂತುಗಳು.

"ಇದ್ ಯಾರು ಕೊರೆದಿದ್ದು?"

ಅವಳು ಬೆರಳನ್ನು ತೂತಿನಿಂದ ತೆಗೆಯದೆ ತಲೆ ಎತ್ತಿದಳು.

"ಯಾರು ಕೊರೆದಿದ್ದು ಕೇಳ್ದೆ!"

"ನಾನೇ ಅವ್ವ." ಪೂರ್ಣೇಶನ ದನಿ ಮೈಕಿನಲ್ಲಿ ಇಡೀ ಹುಲ್ಲುಹಾಸಿಗೆ ಕೇಳಿತು. "ನೀರು ನಿಂತ್ರೆ ಹೂವಿನ ಗಿಡ ಕೊಳೀತದೆ ಅಂದ್ರು."

ದುಗ್ಗಮ್ಮ ಅಂಚು ಹಿಡಿದು ದೋಣಿಯಿಂದ ಕೆಳಗಿಳಿದಳು. ಅವಳಿಗೆ ಸಿಟ್ಟು ಬರಲಿಲ್ಲ. ಹೆಣದ ಬೆರಳುಗಳು ಕಣ್ಣ ಮುಂದೆ ಬಂದವು. ಆಮೇಲೆ ದೋಣಿಯನ್ನು ಕಲ್ಲಿನ ಮೇಲಿಂದ ನೂಕಿದಳು. ಅದು ಕದಲಲಿಲ್ಲ. ಅಷ್ಟರಲ್ಲಿ ಮಾಸ್ತಮ್ಮ ಬಂದಳು. ಒದ್ದೆ ಬಟ್ಟೆಯ ಗಂಟನ್ನು ಅಲ್ಲೇ ಬಿಸಾಡಿ, ಬಾಗಿದ ಬೆನ್ನನ್ನು ದೋಣಿಗೆ ಆನಿಸಿದಳು.

"ನೂಕೆ ದುಗ್ಗಿ, ಎಂತ ನೋಡ್ತಿ!"

ದೋಣಿ ಕೆಳಗೆ ಬಿತ್ತು. ಇಬ್ಬರು ಹೆಂಗಸರು ಅದನ್ನು ಇಳಿಜಾರಿನಲ್ಲಿ ಎಳೆದರು. ಹುಲ್ಲುಹಾಸು ಉದ್ದಕ್ಕೂ ಸೀಳಿತು. ಕಾವಲಿನವನು ಅಡ್ಡ ಬಂದು ಮಾಸ್ತಮ್ಮನ ರಟ್ಟೆ ಹಿಡಿದು ಎಳೆದ. ಅವಳು ಮೊಣಕಾಲೂರಿ ಬಿದ್ದಳು. ಮೊಣಕಾಲು ಒಡೆಯಿತು. ಎದ್ದು ಮತ್ತೆ ಹಿಡಿದಳು. ಯೋಗರಾಜ್ ಓಡುತ್ತಾ ಬಂದ.

"ದುಗ್ಗಮ್ಮಾ, ಅದು ಈಗ ಕಂಪನಿ ಪ್ರಾಪರ್ಟಿ. ಕೈ ಬಿಡಿ. ಸುಮ್ನೆ ಕೇಸಾಗ್ತದೆ."

"ಅವ್ನ್ ಹೆಣಾನೂ ನಿಮ್ದೇ ಏನು ಗೌಡ್ರೆ? ಅಗೆದು ತಂದು ಇಲ್ಲೇ ಇಟ್ಕಳಿ. ಫೋಟೋ ತೆಗೀಲಿ ಜನ."

ಅವನು ಅಲ್ಲೇ ನಿಂತುಬಿಟ್ಟ. ಕಾವಲಿನವನೂ ನಿಂತ. ಅತಿಥಿಗಳ ಫೋನು ಮಾತ್ರ ಎತ್ತಿದಂತೆಯೇ ಇದ್ದವು.

ನೀರಿನ ಅಂಚಿನಲ್ಲಿ ದುಗ್ಗಮ್ಮ ಕಂಪನಿಯ ಸೀರೆಯನ್ನು ಸೆರಗಿನಿಂದ ಹರಿದಳು. ತುಂಡು ತುಂಡು ಮಾಡಿ ತೂತುಗಳಿಗೆ ತುರುಕಿದಳು. ಕಲ್ಲಿನಿಂದ ಬಡಿದಳು. ಮೈಮೇಲೆ ಲಂಗ, ರವಿಕೆ, ಹರಿದ ಸೀರೆಯ ಉಳಿಕೆ. ನಾಚಿಕೆ ಅನಿಸಲಿಲ್ಲ. ನಾಚಿಕೆಯೆಲ್ಲ ಆ ಹುಲ್ಲುಹಾಸಿನ ಮೇಲೆ ಮುಗಿದುಹೋಗಿತ್ತು. ಮಾಸ್ತಮ್ಮ ಕುಂಟುತ್ತಾ ಹೋಗಿ ತನ್ನ ಮನೆಯಿಂದ ಹಳೆಯ ಬಲೆಯನ್ನೂ ಹುಟ್ಟನ್ನೂ ತಂದು ದೋಣಿಗೆ ಹಾಕಿದಳು.

ದುಗ್ಗಮ್ಮ ದೋಣಿ ನೂಕಿ ಹತ್ತಿದಳು. ಗುಡ್ಡದ ತೋಳು ಬಳಸಿಕೊಂಡು ಒಳನೀರಿನ ಬಾಯಿಗೆ ಬಂದಳು. ಕಿತ್ತಳೆ ಗುಂಡಿನ ಹಗ್ಗವನ್ನು ಹುಟ್ಟಿನಿಂದ ಕೆಳಗೊತ್ತಿ ಅದರ ಮೇಲೆ ದಾಟಿದಳು. ಬಣ್ಣದ ದೋಣಿಯಲ್ಲಿದ್ದ ಒಂದಿಬ್ಬರು ಹೆದರಿ ದಡಕ್ಕೆ ಹೋದರು. ಅವಳು ಬಲೆ ಬಿಡತೊಡಗಿದಳು. ಗಂಡ ಬಿಡುತ್ತಿದ್ದ ಜಾಗದಲ್ಲೇ ಬಿಟ್ಟಳು. ತೂತುಗಳ ಬಟ್ಟೆ ನೆನೆದು ಸಡಿಲಾಯಿತು. ಪಾದದ ಸುತ್ತ ನೀರು ಏರಿತು. ಅವಳು ಒಂದು ಕೈಯಲ್ಲಿ ಬಲೆ ಬಿಡುತ್ತಾ ಇನ್ನೊಂದು ಕೈಯಲ್ಲಿ ನೀರು ಗೋರಿದಳು. ಗೋರಿದ್ದಕ್ಕಿಂತ ಬಂದದ್ದೇ ಹೆಚ್ಚು.

ಮೋಟಾರಿನ ಸದ್ದು ಕೇಳಿತು. ಪೂರ್ಣೇಶ್ ಬಂದ. ಅವಳನ್ನು ದೋಣಿಯ ಸಮೇತ ಎಳೆದು ಹೊರಗೆ ಹಾಕು ಎಂದು ಅವನನ್ನೇ ಕಳಿಸಿದ್ದರು. ಬೋಟಿನಲ್ಲಿ ಕಾವಲಿನವನಿದ್ದ. ಅವನ ಕೈಯಲ್ಲಿ ಕೊಕ್ಕೆಯ ಹಗ್ಗ.

"ಅವ್ವ, ಮುಳುಗ್ತದೆ! ಈಚೆ ಬಾರೆ!"

ದುಗ್ಗಮ್ಮ ತಿರುಗಿ ನೋಡಲಿಲ್ಲ. ನೀರು ಮೊಣಕಾಲಿಗೆ ಬಂದಿತ್ತು. ಅವಳಿಗೆ ಈಜು ಬರುತ್ತಿತ್ತು. ಆದರೆ ಈಜುವ ಮನಸ್ಸು ಇದೆಯೋ ಇಲ್ಲವೋ ಎಂದು ಅವಳಿಗೇ ಆ ಹೊತ್ತು ತಿಳಿಯಲಿಲ್ಲ. ಕಾಲ ಕೆಳಗೆ ಮಾವನ ಗದ್ದೆಯಿತ್ತು. ಅವಳು ಎಂದೂ ನೋಡದ ಮನೆಯ ಹೊಸ್ತಿಲಿತ್ತು. ಕೂರೋಣ ಅನಿಸಿತು. ಕೂತಳು. ನೀರು ಸೊಂಟಕ್ಕೆ ಬಂತು.

ಕಾವಲಿನವನು ಕೊಕ್ಕೆ ಎಸೆಯಲು ಕೈ ಎತ್ತಿದ. ಪೂರ್ಣೇಶ್ ಮೋಟಾರು ನಿಲ್ಲಿಸಿದ. ನೀಲಿ ಅಂಗಿಯಲ್ಲೇ ನೀರಿಗೆ ಹಾರಿದ.

ಅವನು ಈಜಿ ಬಂದು ದೋಣಿಯ ಅಂಚಿಗೆ ಎದೆ ಕೊಟ್ಟ. ಅಡಿಗೆ ಕೈ ಹಾಕಿ ಎತ್ತಿ ಹಿಡಿಯಲು ನೋಡಿದ. ಹೆಬ್ಬಲಸಿನ ಮರ, ಹೊಟ್ಟೆ ತುಂಬ ನೀರು, ಒಳಗೆ ತಾಯಿ. ಅವನ ಕತ್ತಿನ ನರ ಉಬ್ಬಿದವು. ಬಾಯಿಗೆ ನೀರು ನುಗ್ಗಿತು. ಆದರೂ ಬಿಡಲಿಲ್ಲ. ದುಗ್ಗಮ್ಮ ಅವನ ಮುಖ ನೋಡಿದಳು. ನೀರಿನಲ್ಲಿ ನೆನೆದ ಆ ಮುಖ ಜಟ್ಟಿಂಗಪ್ಪನದೇ. ಜೀವ ಇರುವ ಜಟ್ಟಿಂಗಪ್ಪನದು.

ಅವಳು ದೋಣಿಯಿಂದ ನೀರಿಗೆ ಇಳಿದಳು. ಭಾರ ಕಡಿಮೆಯಾಗಿ ದೋಣಿ ಸ್ವಲ್ಪ ಎದ್ದಿತು. ಇಬ್ಬರೂ ಎರಡು ಕಡೆ ಹಿಡಿದು, ಕಾಲು ಬಡಿಯುತ್ತಾ, ಅರ್ಧ ಮುಳುಗಿದ ದೋಣಿಯನ್ನು ಮನೆಯ ಕಡೆಯ ದಡಕ್ಕೆ ತಂದರು. ಕೆಸರಿನಲ್ಲಿ ಬಿದ್ದುಕೊಂಡರು. ಗಂಡ ಸತ್ತ ದಿನದಿಂದ ಅಳದ ದುಗ್ಗಮ್ಮ ಆಗ ಅತ್ತಳು. ಕೆಸರಿಗೆ ಹಣೆ ಬಡಿದುಕೊಂಡು ಅತ್ತಳು. ಪೂರ್ಣೇಶ್ ಅವಳನ್ನು ಮುಟ್ಟಲು ಹೋದ, ಮುಟ್ಟಲಾರದೆ ಪಕ್ಕದಲ್ಲಿ ಕೂತ. ಶಿಲ್ಪಶ್ರೀ ಹೊಟ್ಟೆ ಹಿಡಿದುಕೊಂಡು ಇಳಿಜಾರಿನಲ್ಲಿ ಇಳಿದು ಬಂದು ಅತ್ತೆಯ ಮೈಮೇಲೆ ತನ್ನ ಸೀರೆಯೊಂದನ್ನು ಹೊದಿಸಿದಳು.

ಮಾಸ್ತಮ್ಮನ ಕೆಲಸ ಆ ಸಂಜೆಯೇ ಹೋಯಿತು. ದುಗ್ಗಮ್ಮನದೂ ಪೂರ್ಣೇಶನದೂ ಹೋಯಿತು ಎಂದು ಹೇಳಿ ಕಳಿಸಬೇಕಾಗಿಯೇ ಬರಲಿಲ್ಲ. ಒಳನೀರಿನ ಹಗ್ಗ ಇದ್ದಲ್ಲೇ ಇತ್ತು.

ಮಾರನೆಯ ದಿನ ಪೊಲೀಸಿನವನೊಬ್ಬನನ್ನು ಕರೆದುಕೊಂಡು ಯೋಗರಾಜ್ ಮನೆಗೇ ಬಂದ. ಅಂಗಳದಲ್ಲಿ ದೋಣಿ ಬಿಸಿಲಿಗೆ ಒಣಗುತ್ತಿತ್ತು. ಪೂರ್ಣೇಶ್ ಪಕ್ಕದಲ್ಲಿ ಕೂತು ತೂತಿನ ಅಳತೆಗೆ ಮರದ ಬೆಣೆ ಕೆತ್ತುತ್ತಿದ್ದ. ಮೂರು ಕಲ್ಲಿನ ಒಲೆಯ ಮೇಲೆ ಹಳೆಯ ಡಬ್ಬಿಯಲ್ಲಿ ದುಗ್ಗಮ್ಮ ಟಾರು ಕಾಯಿಸುತ್ತಿದ್ದಳು.

"ನೋಡಮ್ಮ," ಎಂದು ಪೊಲೀಸು ಬೇಸರದ ದನಿಯಲ್ಲಿ ಅಂದ. "ತಪ್ಪಾಯ್ತು ಅಂತ ಬರೆದು ಹೆಬ್ಬೆಟ್ಟು ಒತ್ತಿ. ಇವರು ಕಂಪ್ಲೇಂಟ್ ವಾಪಸ್ ತಗತಾರೆ. ನಿಮಗೂ ಒಳ್ಳೇದು."

"ನಂಗೆ ಸಹಿ ಬತ್ತದೆ," ಎಂದಳು ದುಗ್ಗಮ್ಮ. "ಹಾಕಲ್ಲ."

ಪೊಲೀಸು ಪೂರ್ಣೇಶನ ಕಡೆ ತಿರುಗಿದ. "ನೀನಾದ್ರೂ ಹೇಳಪ್ಪ. ಏನು ನಡೀತು ಅಂತ ಹೇಳು, ಬರ್ಕತೀನಿ."

ಪೂರ್ಣೇಶ್ ಕತ್ತಿ ಕೆಳಗಿಟ್ಟ. ಅವನ ಬಾಯಿಪಾಠಕ್ಕೆ ಒಗ್ಗಿದ ನಾಲಗೆ ತಡವರಿಸಿತು.

"ಆಷಾಢದಿಂದ ಹೇಳ್ಬೇಕು ಸಾರ್. ನಮ್ಮಪ್ಪನ್ನ ಕೊಂದಿದ್ದು ಗಾಳಿ ಅಲ್ಲ."

ಯೋಗರಾಜ್ ಬೋಟಿನ ಕಡೆ ನೋಡಿದ. ಪೊಲೀಸಿನ ಕೈಯ ಪೆನ್ನು ಹಾಳೆಯ ಮೇಲೆ ನಿಂತಿತು, ಓಡಲಿಲ್ಲ.

"ಬರ್ಕಳದಿದ್ರೆ ಬ್ಯಾಡ," ಎಂದಳು ದುಗ್ಗಮ್ಮ. "ಕೂತ್ಕಂಡು ಕೇಳಿ."

ಅವಳು ಡಬ್ಬಿಯನ್ನು ಹಳೆಯ ಬಟ್ಟೆಯಲ್ಲಿ ಹಿಡಿದು ಎತ್ತಿ, ಮಗ ಬಡಿದಿಟ್ಟಿದ್ದ ಮೊದಲ ಬೆಣೆಯ ಸುತ್ತ ಕುದಿಯುವ ಟಾರು ಹೊಯ್ದಳು. ಹೊಗೆ ಎದ್ದಿತು. ಕಣ್ಣು ಉರಿದು ನೀರು ಇಳಿಯಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಮಗ ಹೇಳತೊಡಗಿದ್ದ.